ತಮ್ಮನ ಪುಸ್ತಕದಲ್ಲಿ ನನ್ನ ಕಾಲಂ

ನನ್ನ ಕಾಯಿಲೆಯ ಮೊದಲ ದಾಖಲೆ ನನ್ನ ಹೆಸರಿನಲ್ಲಿಲ್ಲ. ಅದು ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ, 2006ರ ಆಗಸ್ಟ್ 12, ಶನಿವಾರದ ಸಾಲಿನಲ್ಲಿ, ನನ್ನ ತಮ್ಮ ಸುಹಾಸನ ಹೆಸರಿನ ಕೆಳಗಿದೆ. ‘ಎದೆ ಬಿಗಿತ: 1’. ಬರೆದವಳು ನಾನೇ. ಆ ಸಾಲಿನ ಮೇಲೆ ಈಗ ನೇರವಾದ ಒಂದು ಗೆರೆಯಿದೆ, ಪಕ್ಕದಲ್ಲಿ ನನ್ನ ಸಹಿ ಮತ್ತು ಗೆರೆ ಎಳೆದ ತಾರೀಖು ಇದೆ. ಬರೆದ ದಿನದಿಂದ ಗೆರೆ ಎಳೆದ ದಿನದವರೆಗೆ ಅರವತ್ತನಾಲ್ಕು ದಿನ. ಆ ದಿನಗಳಲ್ಲಿ ನಾನು ಮಾಡಿದ್ದು ನಮ್ಮ ಮನೆಯವರಿಗೆ ಮತ್ತು ಇಬ್ಬರು ಡಾಕ್ಟರರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಮೂರು ವರ್ಷದ ನಂತರ ಬರೆಯಲು ಕೂತಿರುವುದಕ್ಕೆ ಕಾರಣವಿದೆ. ಕಾಯುವ ಕೋಣೆಗಳಲ್ಲಿ ರೋಗಿಯ ಪಕ್ಕ ನೀರಿನ ಬಾಟಲಿ, ಹಳೆಯ ಚೀಟಿಗಳನ್ನು ಹಿಡಿದು ಕೂತ ಅಕ್ಕ ಅಣ್ಣಂದಿರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಒಬ್ಬರಾದರೂ ನನ್ನ ಹಾಗೆ ಹೊಟ್ಟೆಕಿಚ್ಚಿನಲ್ಲಿ ಕೂತಿರಬಹುದು.

ನಾವು ತುಮಕೂರಿನವರು. ಅಪ್ಪ ಕೇಂದ್ರ ಸರಕಾರದ ಒಂದು ಸಚಿವಾಲಯದಲ್ಲಿ ಅಸಿಸ್ಟೆಂಟ್. ನನಗೆ ಒಂಬತ್ತು, ಸುಹಾಸನಿಗೆ ಒಂದು ವರ್ಷವಾಗಿದ್ದಾಗ ದೆಹಲಿಗೆ ಬಂದೆವು. ಮುನಿರ್ಕಾ ಬಸ್ ನಿಲ್ದಾಣದಿಂದ ನಡೆದರೆ ಹನ್ನೊಂದು ನಿಮಿಷದ ಸರಕಾರಿ ಕ್ವಾರ್ಟರ್ಸ್. ನಾನು ಕನ್ನಡ ಓದು ಬರಹ ಕಲಿತು ಬಂದವಳು, ಅವನು ಅಮ್ಮನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತ ಬೆಳೆದವನು.

ಅವನು ಎಂಥ ಹುಡುಗನೆಂದು ಒಂದೇ ಮಾತಿನಲ್ಲಿ ಹೇಳುವುದಾದರೆ, ನಮ್ಮ ನಡುಮನೆಯ ಒಂದು ಗೋಡೆ ಅವನದು. ಹದಿನಾಲ್ಕು ಚಾರ್ಟ್ ಪೇಪರ್ ಅಂಟಿಸಿ ದೆಹಲಿಯ ಬಸ್ಸುಗಳ ದಾರಿಗಳನ್ನೆಲ್ಲ ಬಣ್ಣಬಣ್ಣದ ಗೆರೆಗಳಲ್ಲಿ ಬರೆದಿದ್ದ. ಯಾವ ಎರಡು ಜಾಗದ ಹೆಸರು ಹೇಳಿದರೂ ಎಲ್ಲಿ ಇಳಿದು ಎಲ್ಲಿ ಹತ್ತಬೇಕೆಂದು ನೋಡದೆಯೇ ಹೇಳುತ್ತಿದ್ದ. ಏಳನೇ ವಯಸ್ಸಿನಲ್ಲಿ ಊಟಕ್ಕೆ ಕೂತವನು, “ಸೂರಜ್ ಒಂದಿನ ಬುಝ್ ಜಾಯೇಗಾ ಅಂತ ಗೊತ್ತಿದ್ದೂ ಅಪ್ಪ ಆಫೀಸಿಗೆ ಹೆಂಗೆ ಹೋಗ್ತಾರೆ?” ಎಂದು ಕೇಳಿದ್ದ. ಸೂರ್ಯ ಆರಿಹೋಗುವ ಆ ಪ್ರಶ್ನೆಯನ್ನು ಅಮ್ಮ ಊರಿನ ಬಂಧುಗಳಿಗೆಲ್ಲ ಫೋನು ಮಾಡಿ ಹೇಳಿ ನಕ್ಕಿದ್ದಳು. ಹನ್ನೊಂದು ತುಂಬುವ ಹೊತ್ತಿಗೆ ಅವನು ಬೆಳಿಗ್ಗೆ ಶಾಲೆಯ ಟೈ ಕಟ್ಟಿಕೊಂಡು ಬಚ್ಚಲಿಗೆ ಹೋಗಿ ವಾಂತಿ ಮಾಡತೊಡಗಿದ. 2006ರ ಏಪ್ರಿಲ್‌ನಲ್ಲಿ ಅವನು ಶಾಲೆಗೆ ಹೋದದ್ದು ಆರು ದಿನ. ಮೇ ತಿಂಗಳಲ್ಲಿ ಒಂದೂ ಇಲ್ಲ.

ಅಪ್ಪ ಇಂಥ ಸಮಯದಲ್ಲಿ ಮಾಡಲು ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಫೈಲು ತೆರೆದರು. ಕಂದು ರಟ್ಟು, ಬಿಳಿ ಲಾಡಿ, ಮೇಲೆ ದುಂಡಗಿನ ಅಕ್ಷರದಲ್ಲಿ ‘ವಿಷಯ: ಚಿ. ಸುಹಾಸ, ಆರೋಗ್ಯ, ಕುರಿತು’. ಪ್ರತಿ ಚೀಟಿಗೂ ಪುಟಸಂಖ್ಯೆ ಹಾಕಿದರು.

ಮೊದಲ ಡಾಕ್ಟರು ದೊಡ್ಡ ಆಸ್ಪತ್ರೆಯೊಂದರ ಓಪಿಡಿಯಲ್ಲಿದ್ದರು. ಕಾದದ್ದು ನಾಲ್ಕು ಗಂಟೆ ಹತ್ತು ನಿಮಿಷ, ಒಳಗಿದ್ದದ್ದು ಆರು ನಿಮಿಷ. “ಬಚ್ಚಾ ಹೈಪರ್ ಹೈ,” ಎಂದು ಚೀಟಿ ಬರೆದರು. ಎರಡನೆಯವರು, ಒಬ್ಬ ಕೌನ್ಸೆಲರ್, ಅಮ್ಮನ ಕಡೆ ನೋಡಿ, “ಒಬ್ಬನೇ ಮಗ ಅಲ್ವಾ? ತಲೆ ಮೇಲೆ ಕೂರಿಸ್ಕೊಂಡಿದೀರಿ,” ಎಂದರು. ಅಮ್ಮ ವಾರಪೂರ್ತಿ ಅದನ್ನೇ ಹೇಳಿಕೊಂಡು ಅತ್ತಳು. ಮೂರನೆಯವರು ಅವನ ಬುದ್ಧಿಶಕ್ತಿಯನ್ನು ಅಳೆದರು. ಎರಡು ದಿನದ ಪರೀಕ್ಷೆ. ಕೊನೆಗೆ ಕುರ್ಚಿಯಿಂದ ಎದ್ದು ಬಂದು ಅಪ್ಪನ ಕೈ ಕುಲುಕಿದರು. “ಬಧಾಯಿ ಹೋ, ಅಂಕಲ್‌ಜಿ. ಇವನಿಗೆ ಏನೂ ಆಗಿಲ್ಲ. ಇಂಥ ಅಂಕ ನಾನು ನೋಡೇ ಇಲ್ಲ. ಈಗಲಿಂದಲೇ ಕೋಚಿಂಗಿಗೆ ಹಾಕಿ.” ಏನೂ ಆಗಿಲ್ಲದವನು ಅವರ ಮೆಟ್ಟಿಲ ಮೇಲೆಯೇ ವಾಂತಿ ಮಾಡಿಕೊಂಡ. ಅಂದರೆ ಕಾಯಿಲೆ ಕಂಡವರಿಗೆ ಬುದ್ಧಿ ಕಾಣಲಿಲ್ಲ, ಬುದ್ಧಿ ಕಂಡವರಿಗೆ ಕಾಯಿಲೆ ಕಾಣಲಿಲ್ಲ.

ನಾಲ್ಕನೆಯವರು ಓಲ್ಡ್ ರಾಜಿಂದರ್ ನಗರದಲ್ಲಿದ್ದರು. ಅವರಲ್ಲಿಗೆ ಬರುವವರೆಲ್ಲ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಕಾಯುವ ಕೋಣೆಯಲ್ಲಿ ಎಲ್ಲರ ಕೈಯಲ್ಲೂ ನೋಟ್ಸ್, ಎಲ್ಲರ ತುಟಿಯೂ ಅಲುಗುತ್ತಿತ್ತು. ಆ ವಯಸ್ಸಾದ ಡಾಕ್ಟರು ಸುಹಾಸನ ಜೊತೆ ಇಪ್ಪತ್ತು ನಿಮಿಷ ಮಾತಾಡಿ, “ಇಂಥ ಮಗುವನ್ನು ನೋಡಿಕೊಳ್ಳೋಕೆ ನನಗೆ ಬರಲ್ಲ. ಬರೋರು ಒಬ್ಬರಿದ್ದಾರೆ,” ಎಂದು ಒಂದು ಹೆಸರು ಬರೆದುಕೊಟ್ಟರು. ನಾಲ್ವರಲ್ಲಿ ಬರಲ್ಲ ಎಂದವರು ಅವರೊಬ್ಬರೇ. ಅಪ್ಪ ಹೊರಗೆ ಬಂದು, “ದೊಡ್ಡ ಮನುಷ್ಯ,” ಎಂದರು.

ಹಾಗೆ ಜೂನ್ 22, ಗುರುವಾರ, ನಾವು ವಸಂತ್ ಕುಂಜ್‌ನ ಒಂದು ನೆಲಮಹಡಿಯ ಫ್ಲ್ಯಾಟಿಗೆ ಹೋದೆವು. ಗಾಜು ಹಾಕಿ ಮುಚ್ಚಿದ ಬಾಲ್ಕನಿಯೇ ಕಾಯುವ ಕೋಣೆ. ಅಲ್ಲಿ ಹೆಸರು ಬರೆದುಕೊಳ್ಳುವ ಕಮಲಾ ಆಂಟಿ ಮೇಜಿನ ಮೇಲೆ ತರಕಾರಿ ಹರಡಿಕೊಂಡು ಬೆಂಡೆಕಾಯಿ ಒರೆಸುತ್ತಿದ್ದರು. ಒಳಗೆ ಡಾಕ್ಟರ್ ಸೇಠಿ, ಐವತ್ತು ದಾಟಿದ ಹೆಂಗಸು, ಚಪ್ಪಲಿ ಬಿಟ್ಟು ನೆಲದ ಮೇಲೆ ಸುಹಾಸನ ಎದುರು ಕೂತರು. ಸೂರ್ಯನ ಪ್ರಶ್ನೆಯನ್ನು ಅಮ್ಮ ಮೊದಲೇ ಅವರಿಗೆ ಹೇಳಿದ್ದಳು. ಶಾಲೆಯ ಮಾತೇ ಎತ್ತಲಿಲ್ಲ.

“ಸೂರ್ಯನ ವಿಷಯ ಯಾರ ಹತ್ತಿರ ಮಾತಾಡ್ತೀಯ?”

“ಕಿಸೀ ಸೇ ನಹೀ. ಎಲ್ರೂ ನಗ್ತಾರೆ.”

“ನಾನು ನಗಲ್ಲ. ನಿನ್ನ ವಯಸ್ಸಲ್ಲಿ ನಂಗೂ ಅದೇ ಭಯ ಇತ್ತು. ನೀನು ಶುರುಮಾಡು, ಅವಸರ ಇಲ್ಲ.”

ಅವನು ಶುರುಮಾಡಿದ. ಐವತ್ತು ನಿಮಿಷ. ನಡುವೆ ಅತ್ತ, ಅಮ್ಮ ಅತ್ತಳು, ಅಪ್ಪ ಕರವಸ್ತ್ರಕ್ಕಾಗಿ ಎಲ್ಲ ಜೇಬು ಹುಡುಕಿದರು. ಡಾಕ್ಟರು ನಮ್ಮ ಕಡೆ ತಿರುಗಿ ಹೇಳಿದರು, “ಇವನು ಗಿಫ್ಟೆಡ್ ಮಗು. ಅದಕ್ಕೇ ಕಷ್ಟ ಇಲ್ಲ ಅಂತಲ್ಲ, ಅದಕ್ಕೇ ಕಷ್ಟ. ಯೋಚನೆ ನಲವತ್ತು ವರ್ಷದವರದ್ದು, ಅದನ್ನು ಹೊರೋ ಹೆಗಲು ಹನ್ನೊಂದು ವರ್ಷದ್ದು.”

ನಾನು ಅಳಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ನನ್ನೊಳಗೆ ಆಗ ಎದ್ದದ್ದನ್ನು ಕರುಣೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಸುಡುತ್ತಿತ್ತು. ಐದನೇ ವಯಸ್ಸಿನಲ್ಲಿ ಪಂಚಾಂಗ ಓದಿ ಅಜ್ಜನಿಗೆ ಒಪ್ಪಿಸುತ್ತಿದ್ದವಳು ನಾನು. ಎರಡನೇ ತರಗತಿಯಲ್ಲಿ ಟೀಚರ್ ಬೋರ್ಡಿನ ಮೇಲೆ ಮಾಡಿದ ಲೆಕ್ಕ ತಪ್ಪೆಂದು ಹೇಳಿ, “ಬಾಯಿ ಜಾಸ್ತಿ ನಿಂಗೆ,” ಎಂದು ಬೈಸಿಕೊಂಡು ಬೆಂಚಿನ ಮೇಲೆ ನಿಂತವಳು. ಅಂದಿನಿಂದ ಹೇಳುವುದನ್ನು ಬಿಟ್ಟು ಬರೆದಿಡುವುದನ್ನು ಕಲಿತೆ. ತಾರೀಖು, ಸಮಯ, ಎಷ್ಟು ಸಲ. ವಾಂತಿ ಮಾಡಲಿಲ್ಲ, ಆದ್ದರಿಂದ ಫೈಲೂ ಇಲ್ಲ. ಆ ವರ್ಷ ನಾನು ಸ್ಟ್ಯಾಟಿಸ್ಟಿಕ್ಸ್ ಬಿಎಸ್‌ಸಿ ಮೊದಲ ವರ್ಷದ ಪರೀಕ್ಷೆ ಬರೆದಿದ್ದೆ. ಮೂರನೇ ಪೇಪರಿನಲ್ಲಿ ಮೊದಲ ಉತ್ತರದ ಸಾಲುಗಳನ್ನು ಎಣಿಸಿದೆ, ಸಂಶಯ ಬಂದು ಮತ್ತೆ ಎಣಿಸಿದೆ, ಗಂಟೆ ಬಾರಿಸುವವರೆಗೆ ಎಣಿಸುತ್ತಲೇ ಇದ್ದೆ. ಜುಲೈನಲ್ಲಿ ಫಲಿತಾಂಶ ಬಂದಾಗ ಆ ಪೇಪರು ಹೋಗಿತ್ತು. “ಪಾಸ್ ತಾನೆ?” ಎಂದರು ಅಪ್ಪ, ಸುಹಾಸನ ಫೈಲಿನಿಂದ ತಲೆಯೆತ್ತದೆ. ಹೌದೆಂದು ತಲೆಯಾಡಿಸಿದೆ.

ಆ ಮೊದಲ ದಿನ ಡಾಕ್ಟರ್ ಸೇಠಿ ಇನ್ನೊಂದು ಮಾತು ಹೇಳಿದ್ದರು. “ಈಗಲೇ ಗುಳಿಗೆ ಬೇಡ. ದಿನಾ ಏನಾಗುತ್ತೆ ಅಂತ ಯಾರಾದರೂ ಬರೆದಿಡ್ತೀರಾ?” ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. “ಅಕ್ಕನ ಬುಕ್ ಕಭೀ ಗಲತ್ ನಹೀ ಹೋತಾ,” ಎಂದ ಸುಹಾಸ, ಅಕ್ಕನ ಪುಸ್ತಕದಲ್ಲಿ ತಪ್ಪೇ ಇರಲ್ಲ ಎಂಬ ಹೆಮ್ಮೆಯಿಂದ.

ನೀಲಿ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ವಾಂತಿ, ಅಳು, ಊಟ ಬಿಟ್ಟದ್ದು, ಶಾಲೆ. ಪ್ರತಿ ಗುರುವಾರ ಸುಹಾಸನ ಜೊತೆ ನಾನೇ ಹೋಗುತ್ತಿದ್ದೆ. ಕೊನೆಯ ಹತ್ತು ನಿಮಿಷ ನನ್ನನ್ನೂ ಒಳಗೆ ಕರೆದು, ಡಾಕ್ಟರು ಪುಸ್ತಕದ ಸಾಲುಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ನನ್ನ ಅಕ್ಷರವನ್ನು ಹೊಗಳಿದ್ದಾರೆ, ಎರಡು ಸಲ. ನನ್ನನ್ನು ಏನೂ ಕೇಳಿರಲಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ.

ಮನೆಯಲ್ಲಿ ಆ ಜುಲೈ ಪೂರ್ತಿ ನಾನು ಇನ್ನೊಂದು ಲೆಕ್ಕವನ್ನೂ ಇಟ್ಟೆ, ಇದು ನನ್ನ ಸ್ವಂತ ಡೈರಿಯಲ್ಲಿ. ಅಮ್ಮ ಊರಿಗೆ ಫೋನು ಮಾಡಿದಾಗ ಸುಹಾಸನ ಹೆಸರು ಹೇಳಿದ್ದು ನೂರ ಹದಿಮೂರು ಸಲ. ನನ್ನ ಹೆಸರು ನಾಲ್ಕು ಸಲ, ಅದರಲ್ಲಿ ಒಂದು, “ರಶ್ಮೀ, ಕುಕ್ಕರ್ ಆರಿಸು.”

ಆಗಸ್ಟ್ 12ರಂದು ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ನನ್ನ ಎದೆ ಬಿಗಿಯಿತು. ಯಾರೋ ಪಕ್ಕೆಲುಬುಗಳ ಸುತ್ತ ಹಗ್ಗ ಸುತ್ತಿ ಎಳೆದ ಹಾಗೆ. ಬೆರಳ ತುದಿ ಜೋಮು ಹಿಡಿಯಿತು. ಸಾಯುತ್ತೇನೆ ಎಂದುಕೊಂಡೆ. ಪಕ್ಕದ ಹೆಂಗಸು, “ಕ್ಯಾ ಹುವಾ ಬೇಟಾ, ಖಾಲಿ ಪೇಟ್ ಹೋ?” ಎಂದು ಪರ್ಸಿನಿಂದ ಒಂದು ಗ್ಲೂಕೋಸ್ ಬಿಸ್ಕತ್ತು ಕೊಟ್ಟರು. ಮನೆಗೆ ಬಂದೆ. ಅಮ್ಮ ಬಾಗಿಲು ತೆಗೆದು, “ಮೆಲ್ಲಗೆ, ಅವನು ಮಲಗಿದಾನೆ,” ಎಂದಳು. ಅಂದು ಸುಹಾಸನಿಗೆ ಏನೂ ಆಗಿರಲಿಲ್ಲ. ನಾಲ್ಕು ಕಾಲಂನಲ್ಲೂ ಸೊನ್ನೆ. ನಾನು ಸ್ಕೇಲು ತೆಗೆದುಕೊಂಡು ಐದನೇ ಕಾಲಂ ಎಳೆದೆ.

ಗುರುವಾರ ಡಾಕ್ಟರು ಅಲ್ಲಿ ಬೆರಳು ನಿಲ್ಲಿಸಿದರು. “ಇದು ಹೊಸದು. ಸುಹಾಸ್, ಎದೆ ಬಿಗಿದ ಹಾಗೆ ಆಗಿತ್ತಾ?” ಅವನು ನನ್ನ ಕಡೆ, ಪುಸ್ತಕದ ಕಡೆ ನೋಡಿದ. “ಆಗಿರಬೇಕು,” ಎಂದ. ಡಾಕ್ಟರು ಧ್ವನಿ ತಗ್ಗಿಸಿ ನನಗೆ ಹೇಳಿದರು, “ಹೀಗಾದಾಗ ಅವನಿಗೆ ಸಾಯ್ತೀನಿ ಅನ್ನಿಸುತ್ತೆ. ನಾಟಕ ಅಂತ ಯಾರೂ ಹೇಳಬಾರದು. ಪಕ್ಕದಲ್ಲಿ ಕೂತು, ಇದು ಹೋಗುತ್ತೆ ಅಂತ ಹೇಳು. ಉಸಿರು ಒಳಗೆ ನಾಲ್ಕು ಎಣಿಸು, ಹೊರಗೆ ಆರು. ತುಂಬಾ ದಿನದಿಂದ ಒಬ್ಬನೇ ಏನನ್ನೋ ಹೊತ್ತುಕೊಂಡವರಿಗೆ ಹೀಗಾಗುತ್ತೆ.”

ನನ್ನ ಬಗ್ಗೆ ಅಷ್ಟು ಸರಿಯಾಗಿ ಅಲ್ಲಿಯವರೆಗೆ ಯಾರೂ ಮಾತಾಡಿರಲಿಲ್ಲ. ಮುಂದಿನ ಸಲ ಕಾಲೇಜಿನ ಲೈಬ್ರರಿಯಲ್ಲಿ ಬಿಗಿದಾಗ ನಾಲ್ಕು ಎಣಿಸಿ ಆರು ಬಿಟ್ಟೆ. ಹಗ್ಗ ಸಡಿಲವಾಯಿತು. ಮನೆಗೆ ಬಂದು ಸುಹಾಸನ ಕಾಲಂನಲ್ಲಿ ಬರೆದೆ: ‘ಎದೆ ಬಿಗಿತ: 1, ಹನ್ನೆರಡು ನಿಮಿಷ’.

ಹೀಗೆ ಐದು ಗುರುವಾರ ನಾನು ತಮ್ಮನ ಹೆಸರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡೆ. ಮೊದಲ ಸಲ ಬಸ್ಸಿನ ಸುಸ್ತಿನಲ್ಲಿ ಬರೆದೆ ಎನ್ನಬಹುದು. ಉಳಿದವನ್ನು ತಿಳಿದೇ ಬರೆದೆ. ಅವನಿಗೆ ಐವತ್ತು ನಿಮಿಷವಿದೆ, ನನಗೆ ಈ ಒಂದು ಕಾಲಂ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅವನಿಂದ ಏನೋ ಕಿತ್ತುಕೊಂಡ ಸಂತೋಷವೂ ಅದರಲ್ಲಿತ್ತು.

ಸೆಪ್ಟೆಂಬರ್ 21ರಂದು ಡಾಕ್ಟರ್ ಸೇಠಿ ಪುಸ್ತಕವನ್ನು ಎರಡು ಸಲ ಹಿಂದೆ ಮುಂದೆ ತಿರುವಿದರು. ವಾಂತಿ ಕಡಿಮೆಯಾಗಿತ್ತು, ಶಾಲೆಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದ. ಐದನೇ ಕಾಲಂ ಮಾತ್ರ ಏರುತ್ತಿತ್ತು. “ಒಳಗೇ ಇಟ್ಕೊಳ್ತಿದ್ದಾನೆ,” ಎಂದು ಸಣ್ಣ ಗುಳಿಗೆ ಬರೆದರು. ಮೊದಲು ಅರ್ಧ, ಎರಡು ವಾರದ ನಂತರ ಒಂದು.

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಟೋದಲ್ಲಿ ಗುಳಿಗೆಯ ಚೀಟಿ ನನ್ನ ಕೈಯಲ್ಲೇ ಇತ್ತು. ನಾನು ಯೋಚಿಸಿದ್ದೇನೆಂದರೆ, ಹೇಳಿದರೆ ಗುರುವಾರಗಳು ಹೋಗುತ್ತವೆ.

ಗುಳಿಗೆಯಿಂದ ಸುಹಾಸ ಮಂಕಾದ. ಹೋಮ್‌ವರ್ಕ್ ಮಾಡುತ್ತ ಪೆನ್ಸಿಲ್ ಹಿಡಿದೇ ತೂಕಡಿಸುತ್ತಿದ್ದ. ಅಮ್ಮ ಪಕ್ಕದ ಮನೆಯವರಿಗೆ, “ಎಷ್ಟು ಶಾಂತವಾಗಿದಾನೆ ನೋಡಿ,” ಎಂದಳು. ಗೋಡೆಯ ನಕ್ಷೆಯಲ್ಲಿ ಯಮುನೆ ದಾಟಿ ನೊಯಿಡಾ ಕಡೆ ಹೋಗುವ ಹಸಿರು ಗೆರೆಯೊಂದು ಸೇತುವೆಯ ಮಧ್ಯದಲ್ಲೇ ನಿಂತಿತು. ದಿನಾ ಅದನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಹದಿನೇಳು ದಿನವಾಗಿತ್ತು, ಅದು ಒಂದು ಬೆರಳಷ್ಟೂ ಮುಂದೆ ಹೋಗಿರಲಿಲ್ಲ.

ಅಕ್ಟೋಬರ್ 14, ಶನಿವಾರ ಮಧ್ಯಾಹ್ನ, ಅವನು ನೀಲಿ ನೋಟ್‌ಬುಕ್ಕು ಹಿಡಿದು ನನ್ನ ಮಂಚದ ಬಳಿ ಬಂದ.

“ಅಕ್ಕಾ, ಆಗಸ್ಟ್ ಬಾರಾ ತಾರೀಖ್ ನಾನು ಎಲ್ಲಿದ್ದೆ?”

“ಮನೇಲಿ.”

“ಎದೆ ಹಿಡ್ಕೊಂಡಿದ್ನಾ? ಮುಝೆ ಯಾದ್ ಹೀ ನಹೀ. ಇದರಲ್ಲಿ ಒಂದೂ ಯಾದ್ ನಹೀ, ಅಕ್ಕಾ. ಟ್ವೆಂಟಿ ಥ್ರೀ ಸಲ ಆಗಿದೆ.” ಅವನ ಬೆರಳು ಕಾಲಂನ ಮೇಲಿಂದ ಕೆಳಗೆ ಇಳಿಯಿತು. “ನೀನು ಬರೆದಿದೀಯ ಅಂದ್ರೆ ಆಗೇ ಆಗಿದೆ. ನಂಗೆ ಮರೆವು ಶುರು ಆಗಿದೆಯಾ? ದಾದಾಜಿಗೆ ಆಗಿತ್ತಲ್ಲ, ಹಂಗೆ?”

ಅಜ್ಜ ಕೊನೆಯ ವರ್ಷ ತನ್ನ ಹೆಸರನ್ನೇ ಮರೆತಿದ್ದರು. ಸೂರ್ಯ ಆರುವುದನ್ನು ಯೋಚಿಸಿ ವಾಂತಿ ಮಾಡುವ ಹುಡುಗನಿಗೆ ನಾನು ಇನ್ನೊಂದು ಭಯ ತಯಾರಿಸಿ ಕೊಟ್ಟಿದ್ದೆ. ತನ್ನ ನೆನಪನ್ನು ಅನುಮಾನಿಸಿದ, ನನ್ನ ಪುಸ್ತಕವನ್ನು ಅನುಮಾನಿಸಲಿಲ್ಲ. “ಇಲ್ಲ, ನಿಂಗೆ ಮರೆವಿಲ್ಲ,” ಎಂದೆ. ಅದಕ್ಕಿಂತ ಹೆಚ್ಚು ಅಂದು ಹೇಳಲಿಲ್ಲ.

ಮರುದಿನ ಭಾನುವಾರ. ಅಪ್ಪ ಚಳಿಗಾಲಕ್ಕೆಂದು ಹತ್ತಿ ತುಂಬಿದ ಹೊದಿಕೆ, ರಜಾಯಿಗಳನ್ನು ಟ್ರಂಕಿನಿಂದ ತೆಗೆದು ತಾರಸಿಯ ಬಿಸಿಲಿಗೆ ಹರಡುತ್ತಿದ್ದರು. ನುಸಿಗುಳಿಗೆಯ ವಾಸನೆಯ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಅವರು ರಜಾಯಿಯ ಒಂದು ತುದಿ ಹಿಡಿದೇ ಕೇಳಿಸಿಕೊಂಡರು.

“ಎಷ್ಟು?”

“ಇಪ್ಪತ್ತಮೂರು.”

“ಗುಳಿಗೆ ಎಷ್ಟು ದಿನದಿಂದ?”

“ಇಪ್ಪತ್ತನಾಲ್ಕು.”

ಅಪ್ಪ ನೇರ ಕೆಳಗಿಳಿದು ಡಾಕ್ಟರಿಗೆ ಫೋನು ಮಾಡಿದರು. ಒಮ್ಮೆಲೇ ನಿಲ್ಲಿಸಬೇಡಿ, ಗುರುವಾರದವರೆಗೆ ಅರ್ಧ ಕೊಡಿ, ಇಬ್ಬರನ್ನೂ ಕರೆತನ್ನಿ ಎಂದರಂತೆ. ಅಮ್ಮ ನನ್ನನ್ನು ನೋಡಿ, “ಒಂದೇ ಹೊಟ್ಟೇಲಿ ಹುಟ್ಟಿದ ತಮ್ಮ ಕಣೆ,” ಎಂದು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು.

ನಾನು ನೋಟ್‌ಬುಕ್ಕು ತೆಗೆದು ಆಗಸ್ಟಿನ ಹಾಳೆಗೆ ಕೈಹಾಕಿದ್ದೆ. ಅಪ್ಪ ಮಣಿಕಟ್ಟು ಹಿಡಿದರು.

“ಹರಿಬೇಡ. ಹರಿದ್ರೆ ಆಗೇ ಇಲ್ಲ ಅಂತಾಗುತ್ತೆ. ಆಫೀಸಲ್ಲಿ ನಾವು ಹಾಗೆ ಮಾಡಲ್ಲ. ಗೀಚಬಾರದು, ಬಿಳಿ ಬಳಿಬಾರದು. ಒಂದೇ ಗೆರೆ ಎಳಿ. ಕೆಳಗಿರೋದು ಓದೋ ಹಾಗಿರಬೇಕು. ಪಕ್ಕದಲ್ಲಿ ಸಹಿ, ಇವತ್ತಿನ ತಾರೀಖು.”

ಪಕ್ಕದಲ್ಲೇ ಕೂತರು. ನಾನು ಸ್ಕೇಲಿಟ್ಟು ಒಂದೊಂದೇ ಗೆರೆ ಎಳೆದೆ. ಮುಗಿದ ಮೇಲೆ ಅವರು ಕನ್ನಡಕ ಹಾಕಿ, ಗೆರೆಯ ಕೆಳಗಿನದನ್ನು ಓದತೊಡಗಿದರು.

“ಇದು ಎಲ್ಲಿ?”

“ಬಸ್ಸಲ್ಲಿ.”

“ಇದು?”

“ಲೈಬ್ರರಿ.”

“ಇದು, ಇಪ್ಪತ್ತೈದು ನಿಮಿಷದ್ದು?”

“ಅವತ್ತು ನೀವು ರಜೆ ಹಾಕಿ ಅವನನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ರಿ. ನಾನು ಮನೇಲಿದ್ದೆ.”

ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ಹೋದ ಪೇಪರಿನ ವಿಷಯವನ್ನೂ ಆಗ ಹೇಳಿದೆ. ಸೋಮವಾರ ಸಂಜೆ ಆಫೀಸಿನಿಂದ ಬರುವಾಗ ಮುನಿರ್ಕಾದ ಅಂಗಡಿಯಿಂದ ಒಂದು ಕಂದು ಫೈಲು ತಂದಿದ್ದರು. ಆಫೀಸಿನದನ್ನು ಅವರು ಮುಟ್ಟುವವರಲ್ಲ. ‘ವಿಷಯ: ಕು. ರಶ್ಮಿ, ಎದೆ ಬಿಗಿತ, ಕುರಿತು’. ಆ ಇಪ್ಪತ್ತಮೂರು ಸಾಲುಗಳನ್ನು ಕೈಯಲ್ಲೇ ನಕಲು ಮಾಡಿ ಪುಟ ಒಂದು ಎಂದು ಹಾಕಿದ್ದರು. ಅದನ್ನು ನೋಡಿದಾಗ ನನಗಾದದ್ದು ನಾಚಿಕೆಯಲ್ಲ. ಅವನ ಫೈಲು ಎಷ್ಟು ದಪ್ಪವಿದೆ ಎಂದು ಪಕ್ಕದಲ್ಲಿಟ್ಟು ನೋಡಿದೆ.

ಸುಹಾಸನಿಗೆ ನಾನೇ ಹೇಳಬೇಕೆಂದು ಅಪ್ಪ ಕಟ್ಟುನಿಟ್ಟು ಮಾಡಿದ್ದರು. ಆ ಭಾನುವಾರವೇ ಹೇಳಿದ್ದೆ. “ಮತಲಬ್ ನಂಗೆ ಮರೆವಿಲ್ಲ?” ಎಂದು ಮೊದಲು ಕೇಳಿದ. ಇಲ್ಲ ಎಂದೆ. ಅವನ ಭುಜಗಳು ಇಳಿದವು. ಆಮೇಲೆ, “ನಿನ್ನ ಬುಕ್ ಝೂಠಾ ಹೈ, ಬರೀ ಸುಳ್ಳು,” ಎಂದು ಹೊರಟುಹೋದ. ಮೂವತ್ತೊಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ.

ಗುರುವಾರ, ದೀಪಾವಳಿಗೆ ಎರಡು ದಿನವಿತ್ತು. ಕಮಲಾ ಆಂಟಿ ಬಾಲ್ಕನಿಯ ಕಿಟಕಿಗೆ ದೀಪದ ಸರ ಸುತ್ತುತ್ತಿದ್ದರು. ಡಾಕ್ಟರ್ ಸೇಠಿ ಮೊದಲ ಸಲ ನನ್ನೊಬ್ಬಳನ್ನೇ ಒಳಗೆ ಕೂರಿಸಿದರು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಗೆರೆ ಹೊಡೆದ ಸಾಲುಗಳನ್ನೆಲ್ಲ ಓದಿ ಪುಸ್ತಕ ಮುಚ್ಚಿದರು.

“ನನ್ನದೂ ತಪ್ಪಿದೆ. ಅಕ್ಷರ ಚೆನ್ನಾಗಿತ್ತು ಅಂತ ಪುಸ್ತಕ ನಂಬಿದೆ. ಆಗಿರಬೇಕು ಅಂದ ಹುಡುಗನನ್ನ ಇನ್ನೊಂದು ಸಲ ಕೇಳಬೇಕಿತ್ತು. ಬರೆದ ಹುಡುಗಿಯನ್ನೂ ಕೇಳಬೇಕಿತ್ತು.” ಪುಸ್ತಕವನ್ನು ನನ್ನ ಕಡೆ ಸರಿಸಿ ಹೇಳಿದರು, “ಆದರೆ ನಾನು ನಿನ್ನನ್ನ ನೋಡೋಕಾಗಲ್ಲ, ರಶ್ಮಿ. ಇದು ಅವನ ಜಾಗ. ಅಲ್ಲಿಗೆ ನೀನು ಈಗಾಗಲೇ ಒಂದು ಸಲ ನುಗ್ಗಿದ್ದೀಯ. ನಿನಗೆ ನಿನ್ನದೇ ಜಾಗ ಬೇಕು.”

ಅವರ ಮಾತು ಸರಿಯೆಂದು ಈಗ ಗೊತ್ತು. ಅಂದು ಬಾಲ್ಕನಿಗೆ ಬಂದು ಕೂತಾಗ, ಒಳಗೆ ಹೋದ ಸುಹಾಸನ ನಗು ಬಾಗಿಲಾಚೆಯಿಂದ ಕೇಳಿಸಿತು. ಎದೆ ಬಿಗಿಯಿತು. ಮೊದಲ ಸಲ ಅದನ್ನು ನನ್ನ ಸ್ವಂತ ಡೈರಿಯಲ್ಲಿ ಬರೆದೆ. ಕಮಲಾ ಆಂಟಿ ನನ್ನ ಮುಖ ನೋಡಿ, ಏನೂ ಕೇಳದೆ, ದೀಪದ ಸರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, “ಪಕಡ್,” ಎಂದರು. ಹಿಡಿದುಕೊಂಡೆ.

ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ನನ್ನ ಫೈಲಿನೊಂದಿಗೆ. ಒಬ್ಬರು ಹತ್ತನೇ ತರಗತಿಯ ಅಂಕಗಳನ್ನು ಕೇಳಿ, “ಟಾಪರ್ ಹೋ, ಟೆನ್ಷನ್ ಮತ್ ಲೋ,” ಎಂದರು. ಇನ್ನೊಬ್ಬರು ಮದುವೆಯ ಮಾತು ನಡೆಯುತ್ತಿದೆಯೇ ಎಂದು ಅಮ್ಮನನ್ನು ಕೇಳಿದರು. ಅಮ್ಮ, “ಅವಳಿಗೆ ಹತ್ತೊಂಬತ್ತು ವರ್ಷ, ಡಾಕ್ಟರೇ, ಎದೆ ಬಿಗಿಯುತ್ತೆ ಅಂತ ಬಂದಿದೀವಿ,” ಎಂದು ಎದ್ದೇಬಿಟ್ಟಳು. ಆಟೋದಲ್ಲಿ ದಾರಿಯುದ್ದಕ್ಕೂ ಬೈಯುತ್ತಲೇ ಬಂದಳು. ನನ್ನ ಪರವಾಗಿ ಅಮ್ಮ ಬೈದದ್ದು ಅಂದು ಇಪ್ಪತ್ತೆರಡು ನಿಮಿಷ. ಮೂರನೆಯವರು ಎಣಿಸುವುದನ್ನು ಪೂರ್ತಿ ಬಿಟ್ಟುಬಿಡಬೇಕೆಂದರು. ಹದಿನಾರು ದಿನ ಬಿಟ್ಟೆ. ಆ ದಿನಗಳ ಬಗ್ಗೆ ನನ್ನಲ್ಲಿ ಏನೂ ಬರೆದಿಲ್ಲ, ನೆನಪೂ ಇಲ್ಲ.

ಸುಹಾಸನ ಗುಳಿಗೆ ನವೆಂಬರ್ ಮಧ್ಯಕ್ಕೆ ನಿಂತಿತ್ತು. ನವೆಂಬರ್ 23ರಂದು ಗೋಡೆಯ ಮೇಲಿನ ಹಸಿರು ಗೆರೆ ಸೇತುವೆ ದಾಟಿತು. ಅಂದೇ ಅವನು ನನಗೆ ಹೇಳಿದ ಮೊದಲ ಮಾತು, “ಸ್ಕೆಚ್ ಪೆನ್ ಮುಚ್ಚಳ ಎಲ್ಲಿಟ್ಟೆ?”

ಜನವರಿಯಲ್ಲಿ ಡಾಕ್ಟರ್ ಸೇಠಿ ಅಪ್ಪನಿಗೆ ಫೋನು ಮಾಡಿ ಒಂದು ಹೆಸರು ಕೊಟ್ಟರು. ನೊಯಿಡಾದಲ್ಲಿ ಡಾಕ್ಟರ್ ಅನ್ವರ್, ದೊಡ್ಡವರನ್ನು ನೋಡುವವರು. “ನೊಯಿಡಾನಾ? ಅಲ್ಲಿಗೆ ದಾರಿ ಯಾರಿಗೆ ಗೊತ್ತು?” ಎಂದಳು ಅಮ್ಮ. ಗೋಡೆಯ ಕಡೆ ಮುಖ ಮಾಡಿದ್ದ ಸುಹಾಸ ತಿರುಗದೆಯೇ, “ದೋ ಬಾರ್ ಚೇಂಜ್. ನಾನು ಕರ್ಕೊಂಡು ಹೋಗ್ತೀನಿ,” ಎಂದ.

ಜನವರಿ 20, ಶನಿವಾರ, ಮಂಜಿನಲ್ಲಿ ಬಸ್ಸುಗಳು ತೆವಳುತ್ತಿದ್ದವು. ಒಂದು ಗಂಟೆ ನಲವತ್ತೆಂಟು ನಿಮಿಷ. ಡಾಕ್ಟರ್ ಅನ್ವರ್ ಮಫ್ಲರ್ ಸುತ್ತಿಕೊಂಡ ತೆಳ್ಳಗಿನ ಮನುಷ್ಯ. ನನ್ನ ಡೈರಿಯನ್ನು ಓದಿದರು, ಫೋನಿನಲ್ಲಿ ಅಮ್ಮ ಹೇಳಿದ ಹೆಸರುಗಳ ಲೆಕ್ಕವನ್ನೂ ಓದಿದರು. ನಗಲಿಲ್ಲ, ಅಭಿನಂದಿಸಲಿಲ್ಲ, ಬಿಡು ಎನ್ನಲಿಲ್ಲ.

“ಈ ಎಣಿಕೆಯಲ್ಲಿ ಭಯಕ್ಕೆ ಎಣಿಸಿದ್ದು ಎಷ್ಟು, ಖುಷಿಗೆ ಎಣಿಸಿದ್ದು ಎಷ್ಟು?” ಎಂದು ಕೇಳಿದರು.

ಅದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ. ಪರೀಕ್ಷೆಯ ಸಾಲುಗಳನ್ನು ಎಣಿಸಿದ್ದು ಭಯಕ್ಕೆ. ಬಸ್ಸಿನಿಂದ ಮನೆಗೆ ಹನ್ನೊಂದು ನಿಮಿಷವೆಂದು ಎಣಿಸಿದ್ದು ಖುಷಿಗೆ. ಅಮ್ಮನ ಫೋನು? ಯೋಚಿಸುತ್ತ ಕೂತೆ. ಅವರು ಕಾದರು. ಆಮೇಲೆ ನಾನು ಮಾತಾಡಲು ಶುರುಮಾಡಿದ್ದು, ಪಂಚಾಂಗದಿಂದ.

ಈಗ 2009. ಹೋದ ಪೇಪರು ಮರುವರ್ಷ ಪಾಸಾಯಿತು. ಎಮ್‌ಎಸ್‌ಸಿ ಮುಗಿಯುತ್ತ ಬಂದಿದೆ. ಎದೆ ಬಿಗಿಯುವುದು ತಿಂಗಳಿಗೆ ಒಂದೋ ಎರಡೋ ಸಲ, ನನ್ನದೇ ಕಾಲಂನಲ್ಲಿ. ಸುಹಾಸ ಒಂಬತ್ತನೇ ತರಗತಿ, ಶಾಲೆಗೆ ಹೋಗುತ್ತಾನೆ, ಸೂರ್ಯನ ಬಗ್ಗೆ ಜಗಳವಾಡುವ ಇಬ್ಬರು ಗೆಳೆಯರು ಸಿಕ್ಕಿದ್ದಾರೆ. ಹೊಟ್ಟೆಕಿಚ್ಚು ಹೋಗಿಲ್ಲ. ಅವನನ್ನು ಹನ್ನೊಂದನೇ ವಯಸ್ಸಿಗೇ ಯಾರೋ ಅರ್ಥಮಾಡಿಕೊಂಡರು, ನಾನು ಹತ್ತೊಂಬತ್ತರವರೆಗೆ ಕಾದೆ. ಆ ಎಂಟು ವರ್ಷವನ್ನು ಯಾವ ಗೆರೆಯಿಂದಲೂ ತಿದ್ದಲು ಬರುವುದಿಲ್ಲ.

ನೊಯಿಡಾದ ಆ ಮೊದಲ ದಿನ ನಾನು ಹೊರಗೆ ಬಂದಾಗ ಸುಹಾಸ ಕಾಯುವ ಕೋಣೆಯ ಬೆಂಚಿನ ಮೇಲೆ, ನನ್ನ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು, ಮುಖ ಊದಿಸಿ ಕೂತಿದ್ದ. ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟು ತಾನೇ ಹಿಡಿದ ಮೇಲೆ ಹೇಳಿದ.

“ನಿನ್ನ ಡಾಕ್ಟರ್ ಒನ್ ಅವರ್ ಟೆನ್ ಮಿನಿಟ್ಸ್ ಕೊಟ್ರು. ನಾನು ಟೈಮ್ ನೋಡಿದೆ. ನಂಗೆ ಯಾವತ್ತೂ ಐವತ್ತೇ.”

“ಹೌದಾ?”

“ಬರ್ಕೋ,” ಎಂದ, ಕಿಟಕಿಯ ಕಡೆ ತಿರುಗಿ. “ಸರಿಯಾಗಿ ಬರ್ಕೋ. ಇಪ್ಪತ್ತು ನಿಮಿಷ ಜಾಸ್ತಿ.”

ಡೈರಿ ತೆಗೆದು ತಾರೀಖು ಹಾಕಿದೆ. ಬರೆಯುವ ಮೊದಲು ಅವನನ್ನೇ ಕೇಳಿದೆ, “ಯಾರ ಹೆಸರಲ್ಲಿ ಬರೀಲಿ?”

“ನನ್ನ ಹೆಸರಲ್ಲಿ,” ಎಂದ. “ಕಮ್ಮಿ ಸಿಕ್ಕಿದ್ದು ನಂಗಲ್ವಾ?”